ಬಿರುಕಿನ ಮೇಲೊಂದು ಕ್ರೀಡಾಂಗಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಅನುಭವಿಗಳ ಮಾತು. ಗೋಡೆಯನ್ನು ಎಬ್ಬಿಸುವ ಕಷ್ಟಕ್ಕಿಂತ ಮೊದಲು ಬರುವುದು ನಿವೇಶನವನ್ನು ಆರಿಸುವ ಕಷ್ಟ. ನೆಲ ಗಟ್ಟಿಯಾಗಿದೆಯೆ, ಮಳೆಗಾಲದಲ್ಲಿ ನೀರು ನಿಲ್ಲುವುದೆ, ಹೋಗಿಬರಲು ದಾರಿಯಿದೆಯೆ, ನೆರೆಹೊರೆ ಹೇಗಿದೆ, ಬೆಲೆ ಕೈಗೆ ಎಟಕುವುದೆ ಎಂಬುದನ್ನೆಲ್ಲ ವಿಚಾರಿಸಿದ ಮೇಲೆಯೇ ವಿವೇಕಿಯಾದವನು ಅಸ್ತಿಭಾರಕ್ಕೆ ಗುದ್ದಲಿ ಹಾಕಿಸುತ್ತಾನೆ. ಐದಾರು ಜನ ವಾಸಿಸುವ ಮನೆಗೆ ಇಷ್ಟು ವಿಚಾರ ಅಗತ್ಯವಾದರೆ, ಏಕಕಾಲದಲ್ಲಿ ಎಪ್ಪತ್ತು ಸಾವಿರ ಜನ ಬಂದು ಕೂಡುವ ಕಟ್ಟಡಕ್ಕೆ ಎಷ್ಟು ವಿಚಾರ ಬೇಕು! ಆ ಕಟ್ಟಡವನ್ನು ತರಗತಿಗಳು, ಗ್ರಂಥಾಲಯಗಳು, ವಿದ್ಯಾರ್ಥಿನಿಲಯಗಳು ಒತ್ತಾಗಿ ನಿಂತಿರುವ ವಿದ್ಯಾಲಯದ ಆವರಣದಲ್ಲಿಯೇ ಕಟ್ಟಬೇಕೆಂದರೆ ಸಮಸ್ಯೆ ಮತ್ತಷ್ಟು ಜಟಿಲವಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಬರ್ಕ್ಲಿ ಎಂಬ ಊರಿನಲ್ಲಿರುವ ವಿಶ್ವವಿದ್ಯಾನಿಲಯವು ಸುಮಾರು ನೂರು ವರ್ಷಗಳ ಹಿಂದೆ ಇಂತಹ ಸಮಸ್ಯೆಯನ್ನು ಎದುರಿಸಿತು. ಅಂದು ಮಾಡಿದ ಆಯ್ಕೆಯ ಫಲವನ್ನು ಅದು ಇಂದಿಗೂ ಅನುಭವಿಸುತ್ತಿದೆ.

ಅಮೆರಿಕದವರು ‘ಫುಟ್‌ಬಾಲ್’ ಎಂದು ಕರೆಯುವ ಆಟ ನಮ್ಮ ಕಾಲ್ಚೆಂಡಾಟವಲ್ಲ. ಅಲ್ಲಿಯ ಚೆಂಡು ಗುಂಡಗಿರುವುದಿಲ್ಲ. ಎರಡು ತುದಿಗಳಲ್ಲಿ ಚೂಪಾಗಿ ಮೊಟ್ಟೆಯಾಕಾರವಾಗಿರುತ್ತದೆ. ಕಡೆಗೆ ಹನ್ನೊಂದು ಜನರಂತೆ ಎರಡು ತಂಡಗಳು ಸೆಣಸುತ್ತವೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಮುಂದಕ್ಕೆ ಎಸೆಯುವುದು, ಓಡುವವನನ್ನು ಅಡ್ಡಗಟ್ಟಿ ನೆಲಕ್ಕೆ ಕೆಡಹುವುದು ಇವೆಲ್ಲ ಆ ಆಟದಲ್ಲಿ ಸಲ್ಲುತ್ತವೆ. ಆಟದ ಅಂಕಣ ಎರಡು ತುದಿಗಳ ಗೆಲುವಿನ ಪಟ್ಟಿಗಳೂ ಸೇರಿ 360 ಅಡಿ ಉದ್ದ, 160 ಅಡಿ ಅಗಲ. ಎಂದರೆ ಅದಕ್ಕೆ ಬೇಕಾಗುವ ನೆಲ ಒಂದೂಕಾಲು ಎಕರೆಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಅದರ ಸುತ್ತ ಸಾವಿರಾರು ಪ್ರೇಕ್ಷಕರಿಗೆ ಮೆಟ್ಟಿಲುಸಾಲುಗಳನ್ನು ಕಟ್ಟಿದಾಗ ಆ ನೆಲ ಹತ್ತಾರು ಎಕರೆಗಳನ್ನು ನುಂಗುತ್ತದೆ. ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಈ ಆಟ ಕೇವಲ ವಿನೋದವಲ್ಲ. ಶರತ್ಕಾಲದ ಶನಿವಾರಗಳಲ್ಲಿ ಹಳೆಯ ವಿದ್ಯಾರ್ಥಿಗಳು ದೂರದೂರದಿಂದ ಬಂದು ಸೇರುತ್ತಾರೆ. ವಾದ್ಯವೃಂದಗಳು ಮೆರವಣಿಗೆ ಹೊರಡುತ್ತವೆ. ಊರಿಗೆ ಊರೇ ಜಾತ್ರೆಯಾಗುತ್ತದೆ. ಆದುದರಿಂದಲೇ ಕ್ರೀಡಾಂಗಣವು ವಿದ್ಯಾಲಯದ ಆವರಣದ ಒಳಗೇ ಇರಬೇಕೆಂದು ಅವರು ಬಯಸುತ್ತಾರೆ.

ಈ ಬಯಕೆ ಎಷ್ಟು ಬಲವಾದುದೆಂಬುದಕ್ಕೆ ಮಿನೆಸೋಟ ವಿಶ್ವವಿದ್ಯಾನಿಲಯವೊಂದು ಸಾಕ್ಷಿ. ಅಲ್ಲಿಯ ತಂಡ 1924ರಿಂದ ತನ್ನ ಆವರಣದ ಕ್ರೀಡಾಂಗಣದಲ್ಲಿ ಆಡುತ್ತಿತ್ತು. 1982ರಲ್ಲಿ ಅದು ಮಿನಿಯಾಪೊಲಿಸ್ ಪೇಟೆಯಲ್ಲಿ ಹೊಸದಾಗಿ ಕಟ್ಟಿದ, ಮೇಲೆ ಗುಮ್ಮಟವುಳ್ಳ ಸಾರ್ವಜನಿಕ ಕ್ರೀಡಾಮಂದಿರಕ್ಕೆ ವರ್ಗವಾಯಿತು. ಹಿಮ ಬೀಳುವ ಆ ನಾಡಿನಲ್ಲಿ ಚಳಿಯ ಕಾಟ ತಪ್ಪಿತಾದರೂ ವಿದ್ಯಾರ್ಥಿಗಳಿಗೆ ಅದು ತಮ್ಮ ಮನೆಯೆನಿಸಲಿಲ್ಲ. ಕೊನೆಗೆ 2009ರಲ್ಲಿ ಆ ವಿಶ್ವವಿದ್ಯಾನಿಲಯ ಆವರಣದಲ್ಲಿಯೇ ಬಯಲು ಕ್ರೀಡಾಂಗಣವೊಂದನ್ನು ಮತ್ತೆ ಕಟ್ಟಿಕೊಂಡಿತು. ಕೊಲೊರಾಡೊ ರಾಜ್ಯ ವಿಶ್ವವಿದ್ಯಾನಿಲಯವೂ 1968ರಿಂದ ಊರಾಚೆಯ ಬೆಟ್ಟದ ತಪ್ಪಲಿನಲ್ಲಿ ಆಡುತ್ತಿದ್ದು, 2017ರಲ್ಲಿ ಆವರಣದೊಳಗಿನ ಹೊಸ ಕ್ರೀಡಾಂಗಣಕ್ಕೆ ಬಂದಿತು.

ಆವರಣದೊಳಗೆ ಸ್ಥಳ ಹುಡುಕುವವರು ಮುಖ್ಯವಾಗಿ ಕೆಲವು ಅಂಶಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದು, ನೆಲದ ವಿಸ್ತಾರ ಮತ್ತು ಬೆಲೆ. ಎರಡನೆಯದು, ದಿಕ್ಕು. ಅಂಕಣವು ಉತ್ತರ ದಕ್ಷಿಣವಾಗಿ ಉದ್ದವಾಗಿದ್ದರೆ ಇಳಿಹೊತ್ತಿನ ಬಿಸಿಲು ಆಟಗಾರರ ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ. ಮೂರನೆಯದು, ಜನರು ಬರುವ ಮತ್ತು ಹೋಗುವ ಮಾರ್ಗ. ಬರುವಾಗ ಎರಡು ಮೂರು ಗಂಟೆಗಳ ಅವಧಿಯಲ್ಲಿ ಬರುವ ಜನ, ಆಟ ಮುಗಿದೊಡನೆ ಒಟ್ಟಿಗೇ ಹೊರಗೆ ನುಗ್ಗುತ್ತಾರೆ. ನಾಲ್ಕನೆಯದು, ನೀರಿನ ಹರಿವು. ಐದನೆಯದು, ನೆರೆಯವರ ನೆಮ್ಮದಿ. ಆರನೆಯದು ಮತ್ತು ಎಲ್ಲಕ್ಕಿಂತ ಮಿಗಿಲಾದುದು, ನೆಲದ ಗುಣ.

ಮಣ್ಣಿನ ಗುಣವನ್ನು ಅರಿತು ಕಟ್ಟಿದರೆ ಖರ್ಚೂ ಉಳಿಯುತ್ತದೆ. ಕನೆಕ್ಟಿಕಟ್ ರಾಜ್ಯದ ಯೇಲ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣ 1914ರಲ್ಲಿ ಸಿದ್ಧವಾಯಿತು. ಅದನ್ನು ಕಟ್ಟಿದವರು ನೆಲದ ನಡುವೆ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಸುತ್ತಲೂ ಏರಿಯಾಗಿ ಹಾಕಿ, ಆ ಏರಿಯ ಒಳಮೈಯಲ್ಲಿ ಆಸನಗಳನ್ನು ಜೋಡಿಸಿದರು. ಬಟ್ಟಲಿನ ಆಕಾರದ ಈ ರಚನೆಯಲ್ಲಿ ತೋಡಿದ ಮಣ್ಣನ್ನು ದೂರ ಸಾಗಿಸುವ ಶ್ರಮವಿಲ್ಲ. ಎತ್ತರವಾದ ಗೋಡೆಗಳ ಅಗತ್ಯವೂ ಇಲ್ಲ. ಮುಂದೆ ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು ಈ ಕ್ರಮವನ್ನು ಅನುಸರಿಸಿದವು. 1921ರಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ಇಂತಹುದೇ ಮಣ್ಣಿನ ಬಟ್ಟಲೊಂದನ್ನು ಐದು ತಿಂಗಳಿಗೂ ಕಡಮೆ ಅವಧಿಯಲ್ಲಿ ಕಟ್ಟಿ ಮುಗಿಸಿತು.

ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾನಿಲಯಗಳ ನಡುವೆ ಹಿಂದಿನಿಂದಲೂ ಸ್ಪರ್ಧೆಯಿತ್ತು. ಬರ್ಕ್ಲಿಯವರ ತಂಡ 1920ರಿಂದ 1924ರವರೆಗೆ ಒಂದೂ ಸೋಲನ್ನು ಕಾಣದೆ ದೇಶದಲ್ಲೆಲ್ಲ ಹೆಸರಾಗಿತ್ತು. ಜನರು ಅದನ್ನು ‘ಅದ್ಭುತ ತಂಡ’ ಎಂದೇ ಕರೆದರು. ಆದರೆ ಆ ತಂಡ ಆಡುತ್ತಿದ್ದುದು ಮರದ ಮೆಟ್ಟಿಲುಸಾಲುಗಳಿದ್ದ ಹಳೆಯ ಅಂಕಣದಲ್ಲಿ. ಆಟ ನೋಡಲು ಬರುವ ಜನಸ್ತೋಮಕ್ಕೆ ಅದು ಏನೇನೂ ಸಾಲುತ್ತಿರಲಿಲ್ಲ. ಜೊತೆಗೆ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಕ್ಯಾಲಿಫೋರ್ನಿಯದ ವೀರರಿಗೆ ಸ್ಮಾರಕವೊಂದನ್ನು ನಿರ್ಮಿಸಬೇಕೆಂಬ ಆಸೆಯೂ ಎಲ್ಲರಲ್ಲಿತ್ತು. ಈ ಎರಡು ಉದ್ದೇಶಗಳೂ ಕೂಡಿ ಸ್ಮಾರಕ ಕ್ರೀಡಾಂಗಣದ ಯೋಜನೆ ರೂಪುಗೊಂಡಿತು. ಹಳೆಯ ವಿದ್ಯಾರ್ಥಿಗಳೂ ಸಾರ್ವಜನಿಕರೂ ಉತ್ಸಾಹದಿಂದ ವಂತಿಗೆ ನೀಡಿದರು. ಹಣಕ್ಕೆ ಕೊರತೆಯಾಗಲಿಲ್ಲ, ಕೊರತೆಯಾದುದು ಸ್ಥಳಕ್ಕೆ.

ಬರ್ಕ್ಲಿ ಊರಿನ ಭೂರಚನೆಯನ್ನು ತಿಳಿದರೆ ಮುಂದಿನ ಸಂಗತಿ ಸ್ಪಷ್ಟವಾಗುತ್ತದೆ. ಊರಿನ ಪಶ್ಚಿಮಕ್ಕೆ ಸಾನ್ ಫ್ರಾನ್ಸಿಸ್ಕೊ ಕೊಲ್ಲಿ; ಪೂರ್ವಕ್ಕೆ ಹಸಿರು ಬೆಟ್ಟಗಳ ಸಾಲು. ವಿಶ್ವವಿದ್ಯಾನಿಲಯದ ಆವರಣ ಬೆಟ್ಟಗಳ ಬುಡದಿಂದ ಮೊದಲಾಗಿ ಕೊಲ್ಲಿಯ ಕಡೆಗೆ ಮೆಲ್ಲಗೆ ಇಳಿಯುತ್ತದೆ. ಬೆಟ್ಟಗಳ ನಡುವಿನ ಸ್ಟ್ರಾಬೆರಿ ಕಣಿವೆಯಿಂದ ಅದೇ ಹೆಸರಿನ ತೊರೆಯೊಂದು ಇಳಿದು ಆವರಣದ ನಡುವೆ ಹರಿಯುತ್ತದೆ. ಅಂದು ಎರಡು ಸ್ಥಳಗಳು ಚರ್ಚೆಗೆ ಬಂದವು. ಒಂದು, ಆವರಣದ ನೈಋತ್ಯ ಮೂಲೆಯಲ್ಲಿ ಪೇಟೆಗೆ ಅಂಟಿಕೊಂಡಂತಿದ್ದ ಸಮತಟ್ಟಾದ ನೆಲ. ಇನ್ನೊಂದು, ಪೂರ್ವದ ಅಂಚಿನಲ್ಲಿ ಸ್ಟ್ರಾಬೆರಿ ಕಣಿವೆ ಬಾಯ್ದೆರೆಯುವ ಎಡೆ.

ಪೇಟೆಯ ಪಕ್ಕದ ನೆಲಕ್ಕೆ ಜನರು ಸುಲಭವಾಗಿ ಬಂದು ಹೋಗಬಹುದಾಗಿತ್ತು. ಆದರೆ ಅಲ್ಲಿ ಖಾಸಗಿಯವರ ಮನೆ ನಿವೇಶನಗಳನ್ನು ಕೊಳ್ಳಬೇಕಾಗಿತ್ತು. ಕ್ರೀಡಾಂಗಣ ಬರುವ ಸುದ್ದಿ ಹರಡಿದಾಗ ನೆಲದ ಬೆಲೆ ಏರುವುದು ಲೋಕಾರೂಢಿ. ಕಣಿವೆಯ ನೆಲವಾದರೋ ವಿಶ್ವವಿದ್ಯಾನಿಲಯದ ಕೈಯಲ್ಲಿಯೇ ಇತ್ತು. ಅದು ಮೂರು ಕಡೆ ಬೆಟ್ಟದಿಂದ ಸುತ್ತುವರಿದು ಸ್ವಾಭಾವಿಕವಾಗಿಯೇ ಬಟ್ಟಲಿನ ಆಕಾರದಲ್ಲಿತ್ತು. ಅರ್ಧ ಭಾಗದ ಮೆಟ್ಟಿಲುಸಾಲುಗಳನ್ನು ಬೆಟ್ಟದ ಇಳಿಜಾರಿನಲ್ಲಿಯೇ ಕೂರಿಸಬಹುದಾಗಿತ್ತು. ಲೆಕ್ಕಾಚಾರ ಮಾಡುವವರ ಕಣ್ಣಿಗೆ ಇದು ಪ್ರಕೃತಿಯೇ ಕಟ್ಟಿಕೊಟ್ಟ ಕ್ರೀಡಾಂಗಣದಂತೆ ಕಂಡಿತು.

ಎಲ್ಲರೂ ಇದಕ್ಕೆ ಒಪ್ಪಲಿಲ್ಲ. ಕಣಿವೆಯ ಚೆಲುವು ಹಾಳಾಗುವುದೆಂದು ಪ್ರಕೃತಿಪ್ರಿಯರು ಮರುಗಿದರು. ಇಕ್ಕಟ್ಟಾದ ಬೀದಿಗಳಲ್ಲಿ ಜನಸಾಗರ ನುಗ್ಗಿದರೆ ಗತಿಯೇನೆಂದು ಬೆಟ್ಟದ ಮೇಲಿನ ನಿವಾಸಿಗಳು ಆಕ್ಷೇಪಿಸಿದರು. ಅಧ್ಯಾಪಕರಲ್ಲಿಯೂ ವಿರೋಧಿಸಿದವರಿದ್ದರು. ಆದರೆ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿ ಕಣಿವೆಯನ್ನೇ ಆರಿಸಿತು. ತೊರೆಯ ನೀರನ್ನು ನೆಲದಡಿಯ ದೊಡ್ಡ ಕಾಂಕ್ರೀಟ್ ಮೋರಿಯೊಳಗೆ ತಿರುಗಿಸಿದರು. ಚಿನ್ನದ ಗಣಿಗಳಲ್ಲಿ ರೂಢಿಯಲ್ಲಿದ್ದ ವಿಧಾನದಂತೆ ರಭಸದ ನೀರನ್ನು ಹಾಯಿಸಿ ಬೆಟ್ಟದ ಮೈಯನ್ನು ಕರಗಿಸಿ, ಆ ಮಣ್ಣಿನಿಂದ ತಗ್ಗನ್ನು ತುಂಬಿದರು. ಪೂರ್ವದ ಅರ್ಧ ಬೆಟ್ಟಕ್ಕೆ ಒರಗಿತು; ಪಶ್ಚಿಮದ ಅರ್ಧ ಎತ್ತರವಾದ ಕಾಂಕ್ರೀಟ್ ಗೋಡೆಯ ಮೇಲೆ ನಿಂತಿತು. ವಿಶ್ವವಿದ್ಯಾನಿಲಯದ ವಾಸ್ತುಶಿಲ್ಪಿ ಜಾನ್ ಗೇಲನ್ ಹೋವರ್ಡ್ ಆ ಗೋಡೆಗೆ ರೋಮಿನ ಪ್ರಾಚೀನ ಕಲೋಸಿಯಮ್ಮಿನ ಹೋಲಿಕೆಯ ಕಮಾನುಗಳನ್ನು ಅಳವಡಿಸಿದನು. ಸುಮಾರು 14 ಲಕ್ಷ ಡಾಲರುಗಳ ವೆಚ್ಚದ ಈ ಕಟ್ಟಡದಲ್ಲಿ 1923ನೆಯ ನವೆಂಬರ್ 24ರಂದು ಮೊದಲ ಪಂದ್ಯ ನಡೆಯಿತು. ಎದುರಾಳಿ ಸ್ಟ್ಯಾನ್‌ಫರ್ಡ್. ಬರ್ಕ್ಲಿಯ ತಂಡ 9-0ರಿಂದ ಗೆದ್ದಿತು. ಪೂರ್ವದ ಬೆಟ್ಟದ ಮೇಲೆ ಕುಳಿತು ಕಾಸು ಕೊಡದೆ ಆಟ ನೋಡುವವರ ಗುಂಪೂ ಬೆಳೆಯಿತು. ಆ ಎಡೆಗೆ ಜನರು ‘ಜಿಪುಣರ ಗುಡ್ಡ’ ಎಂಬ ಅರ್ಥದ ಹೆಸರನ್ನೇ ಇಟ್ಟುಬಿಟ್ಟರು!

ಕ್ರೀಡಾಂಗಣ ಸುಂದರವಾಗಿತ್ತು, ವಿಶಾಲವಾಗಿತ್ತು, ಬೆಟ್ಟದ ಮಡಿಲಲ್ಲಿ ಮುದ್ದಾಗಿ ಕುಳಿತಿತ್ತು. ಆದರೆ ಅದರ ಅಡಿಯಲ್ಲಿ ಒಂದು ಅಪಾಯ ಅಡಗಿತ್ತು. ಹೇವರ್ಡ್ ಸ್ತರಭಂಗ ಎಂಬ ಭೂಮಿಯ ಬಿರುಕು ಆ ಬಟ್ಟಲಿನ ಒಂದು ತುದಿಯಲ್ಲಿ ಒಳಹೊಕ್ಕು, ಅಂಕಣದ ಉದ್ದಕ್ಕೂ ಸಾಗಿ, ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ.

ಸ್ತರಭಂಗವೆಂದರೇನು? ಭೂಮಿಯ ಹೊರಕವಚ ಒಂದೇ ಅಖಂಡವಾದ ಚಿಪ್ಪಲ್ಲ. ಅದು ಹಲವು ಬೃಹತ್ ಫಲಕಗಳಾಗಿ ಒಡೆದಿದೆ. ಈ ಫಲಕಗಳು ಅತಿ ನಿಧಾನವಾಗಿ ಚಲಿಸುತ್ತಲೇ ಇರುತ್ತವೆ. ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ಪೆಸಿಫಿಕ್ ಫಲಕವೂ ಉತ್ತರ ಅಮೆರಿಕ ಫಲಕವೂ ಒಂದನ್ನೊಂದು ಉಜ್ಜುತ್ತ ಸರಿಯುತ್ತವೆ. ಈ ಸರಿತದಿಂದ ಬಂಡೆಗಳು ಸೀಳಿ, ಸೀಳಿನ ಎರಡು ಮಗ್ಗುಲುಗಳು ಬೇರೆ ಬೇರೆ ಕಡೆಗೆ ಜರುಗಿದ್ದರೆ ಅಂತಹ ಸೀಳನ್ನು ಸ್ತರಭಂಗ ಎನ್ನುತ್ತಾರೆ. ಸೀಳಿನ ಮಗ್ಗುಲುಗಳು ಒರಟಾಗಿರುವುದರಿಂದ ಅವು ಸುಲಭವಾಗಿ ಜಾರುವುದಿಲ್ಲ. ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಆದರೆ ಫಲಕಗಳ ಒತ್ತಡ ನಿಲ್ಲುವುದಿಲ್ಲ. ಬಾಗಿಸಿದ ಬೆತ್ತದಲ್ಲಿ ಬಲ ಸಂಗ್ರಹವಾಗುವಂತೆ ಬಂಡೆಗಳಲ್ಲಿ ಬಲ ಸಂಗ್ರಹವಾಗುತ್ತ ಹೋಗುತ್ತದೆ. ಕಚ್ಚಿಕೊಂಡ ಭಾಗ ತಡೆಯಲಾರದೆ ಒಮ್ಮೆಲೇ ಜಾರಿದಾಗ ಆ ಬಲವೆಲ್ಲ ಕಂಪನವಾಗಿ ಹೊರಬೀಳುತ್ತದೆ. ಅದೇ ಭೂಕಂಪ.

ಹೇವರ್ಡ್ ಸ್ತರಭಂಗ ಕೊಲ್ಲಿಯ ಪೂರ್ವತೀರದ ಬೆಟ್ಟಗಳ ಬುಡದಲ್ಲಿಯೇ ಹಾದುಹೋಗುತ್ತದೆ. 1868ನೆಯ ಅಕ್ಟೋಬರ್ 21ರಂದು ಅದು ಜಾರಿದಾಗ ಹೇವರ್ಡ್ ಎಂಬ ಪಟ್ಟಣದ ಕಟ್ಟಡಗಳು ನೆಲಕಚ್ಚಿದವು. ಸುಮಾರು ಮೂವತ್ತು ಜನ ಸತ್ತರು. ಅಂದು ಆ ಪ್ರದೇಶದಲ್ಲಿ ಜನವಸತಿ ವಿರಳವಾಗಿದ್ದುದರಿಂದ ಪ್ರಾಣಹಾನಿ ಅಷ್ಟಕ್ಕೆ ನಿಂತಿತು. 1906ರಲ್ಲಿ ಸಾನ್ ಆಂಡ್ರಿಯಾಸ್ ಎಂಬ ಮತ್ತೊಂದು ಸ್ತರಭಂಗ ಜಾರಿ, ಸಾನ್ ಫ್ರಾನ್ಸಿಸ್ಕೊ ನಗರ ಕಂಪಕ್ಕೂ ಬೆಂಕಿಗೂ ಈಡಾಗಿ ನಾಶವಾಗುವವರೆಗೆ, ಜನರ ಬಾಯಲ್ಲಿ ‘ಮಹಾ ಭೂಕಂಪ’ ಎಂದರೆ 1868ರ ಕಂಪವೇ ಆಗಿತ್ತು. 1906ರ ದುರಂತದ ಬಳಿಕ ರಾಜ್ಯ ಸರ್ಕಾರ ನೇಮಿಸಿದ ಆಯೋಗಕ್ಕೆ ಬರ್ಕ್ಲಿಯ ಭೂವಿಜ್ಞಾನದ ಪ್ರಾಧ್ಯಾಪಕ ಆಂಡ್ರೂ ಲಾಸನ್ ಅಧ್ಯಕ್ಷನಾಗಿದ್ದನು. 1908ರಲ್ಲಿ ಪ್ರಕಟವಾದ ಆ ಆಯೋಗದ ವರದಿಯಲ್ಲಿ 1868ರ ಕಂಪದ ವಿವರಗಳನ್ನೂ ಸಂಗ್ರಹಿಸಿ ಕೊಡಲಾಗಿತ್ತು. ಎಂದರೆ ಕ್ರೀಡಾಂಗಣಕ್ಕೆ ಸ್ಥಳ ಹುಡುಕುವ ಹೊತ್ತಿಗೆ ಸ್ತರಭಂಗದ ವಿಷಯ ವಿದ್ವಾಂಸರಿಗೆ ಅಜ್ಞಾತವಾಗಿರಲಿಲ್ಲ.

ಹಾಗಾದರೆ ಬಲ್ಲವರೇ ಏಕೆ ಎಡವಿದರು? ಅಂದಿನವರನ್ನು ಅವಿವೇಕಿಗಳೆಂದು ತಳ್ಳಿಹಾಕುವುದು ಸರಿಯಲ್ಲ. ಬಿರುಕಿನ ನೆತ್ತಿಯ ಮೇಲೆ ಕಟ್ಟಬಾರದೆಂಬ ಶಾಸನ ಆಗ ಇರಲಿಲ್ಲ. ಶಾಲಾ ಕಟ್ಟಡಗಳು ಭೂಕಂಪವನ್ನು ತಾಳಿಕೊಳ್ಳುವಂತಿರಬೇಕೆಂದು ಕ್ಯಾಲಿಫೋರ್ನಿಯ ವಿಧಿಸಿದ್ದು ಕೂಡ ಲಾಂಗ್ ಬೀಚ್ ನಗರದ ಭೂಕಂಪದ ಅನಂತರ, 1933ರಲ್ಲಿ. ಕಟ್ಟಿದವರು ಅಪಾಯವನ್ನು ಸಂಪೂರ್ಣವಾಗಿ ಮರೆತಿರಲೂ ಇಲ್ಲ. ರೈಲುಹಳಿಗಳ ನಡುವೆ ಸಂದು ಬಿಡುವಂತೆ, ಬಿರುಕು ಹಾಯುವ ಕಡೆ ಕಟ್ಟಡದ ಎರಡು ಭಾಗಗಳ ನಡುವೆ ಅವರು ಸಂದುಗಳನ್ನು ಬಿಟ್ಟಿದ್ದರು. ಆದರೆ ಆ ಬಿರುಕು ಎಂತಹುದೆಂಬುದರ ಪೂರ್ಣ ಅರಿವು ಬರಲು ಇನ್ನೂ ಹಲವು ವರ್ಷಗಳು ಬೇಕಾದವು.

ಭೂಕಂಪವಾದಾಗ ಮಾತ್ರ ಸ್ತರಭಂಗ ಜಾರುತ್ತದೆ ಎಂದು ಹಿಂದೆ ಭಾವಿಸಲಾಗಿತ್ತು. ಹೇವರ್ಡ್ ಸ್ತರಭಂಗವಾದರೋ ಕಂಪವೇ ಇಲ್ಲದೆ ದಿನವೂ ಸದ್ದಿಲ್ಲದೆ ತೆವಳುತ್ತಿರುತ್ತದೆ. ಇದರ ಒಂದು ಸ್ಪಷ್ಟ ಸಾಕ್ಷ್ಯ ದೊರೆತುದು ಕ್ರೀಡಾಂಗಣದ ಅಡಿಯಲ್ಲಿಯೇ. ತೊರೆಯ ನೀರು ಹರಿಯುವ ಮೋರಿ ಬಿರುಕುಬಿಟ್ಟಿರುವುದನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು, ಅದಕ್ಕೆ ಸ್ತರಭಂಗದ ತೆವಳುವಿಕೆಯೇ ಕಾರಣವೆಂದು 1966ರಲ್ಲಿ ಪ್ರಕಟಿಸಿದರು. ಈ ತೆವಳುವಿಕೆ ವರ್ಷಕ್ಕೆ ನಾಲ್ಕೈದು ಮಿಲಿಮೀಟರುಗಳಷ್ಟು ಮಾತ್ರ. ಆದರೆ ಹನಿಗೂಡಿದರೆ ಹಳ್ಳ. ಹಲವು ದಶಕಗಳು ಕಳೆಯುವಷ್ಟರಲ್ಲಿ ಕ್ರೀಡಾಂಗಣದ ಪಶ್ಚಿಮದ ಭಾಗ ಪೂರ್ವದ ಭಾಗವನ್ನು ಬಿಟ್ಟು ಉತ್ತರದ ಕಡೆಗೆ ಸುಮಾರು ಒಂದು ಅಡಿಯಷ್ಟು ಸರಿದಿತ್ತು. ಒಂದೇ ಗೆರೆಯಲ್ಲಿದ್ದ ಗೋಡೆಗಳು ಗೆರೆತಪ್ಪಿದವು, ಸಂದುಗಳು ಬಾಯಿಬಿಟ್ಟವು.

ಈ ತೆವಳುವಿಕೆಯಿಂದ ಒತ್ತಡ ಕರಗಿಹೋಗಿ ಭೂಕಂಪ ತಪ್ಪುವುದಿಲ್ಲವೆ ಎಂಬ ಪ್ರಶ್ನೆ ಏಳಬಹುದು. ತೆವಳುವಿಕೆ ಒತ್ತಡದ ಒಂದು ಪಾಲನ್ನು ಮಾತ್ರ ತೀರಿಸುತ್ತದೆ. ಉಳಿದ ಪಾಲು ಆಳದಲ್ಲಿ ಕೂಡುತ್ತಲೇ ಇರುತ್ತದೆ. ಭೂವಿಜ್ಞಾನಿಗಳು ಸ್ತರಭಂಗಕ್ಕೆ ಅಡ್ಡಲಾಗಿ ಕಾಲುವೆಗಳನ್ನು ತೋಡಿ, ಮಣ್ಣಿನ ಪದರಗಳು ಎಲ್ಲೆಲ್ಲಿ ತುಂಡರಿಸಿ ಜರುಗಿವೆ ಎಂಬುದನ್ನು ಓದುತ್ತಾರೆ. ಪದರಗಳಲ್ಲಿ ಸಿಕ್ಕ ಇದ್ದಿಲು ಮುಂತಾದವುಗಳಿಂದ ಅವುಗಳ ವಯಸ್ಸನ್ನು ಅಳೆಯುತ್ತಾರೆ. ಹೀಗೆ ತಿಳಿದುಬಂದಿರುವಂತೆ, ಈ ಸ್ತರಭಂಗದಲ್ಲಿ ದೊಡ್ಡ ಭೂಕಂಪಗಳು ಸರಾಸರಿ ಸುಮಾರು ಒಂದೂವರೆ ಶತಮಾನಕ್ಕೊಮ್ಮೆ ಸಂಭವಿಸಿವೆ. ಕೊನೆಯದು 1868ರಲ್ಲಿ ಆದುದರಿಂದ ಆ ಅವಧಿ ಈಗಾಗಲೇ ಕಳೆದಿದೆ. ಪ್ರಕೃತಿ ಪಂಚಾಂಗ ನೋಡಿ ನಡೆಯುವುದಿಲ್ಲವಾದರೂ ಈ ಲೆಕ್ಕ ಎಚ್ಚರಿಕೆಗೆ ಸಾಕು.

1971ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಸಾನ್ ಫರ್ನಾಂಡೊ ಪ್ರದೇಶದಲ್ಲಿ ಭೂಕಂಪವಾದಾಗ, ನೆಲ ಸೀಳಿದ ಗೆರೆಯ ಮೇಲಿದ್ದ ಕಟ್ಟಡಗಳಿಗೆ ಆದ ಗತಿ ಎಲ್ಲರ ಕಣ್ಣು ತೆರೆಸಿತು. ಮರುವರ್ಷವೇ ರಾಜ್ಯವು ಶಾಸನವೊಂದನ್ನು ಮಾಡಿತು. ಜನರು ಬಳಸುವ ಹೊಸ ಕಟ್ಟಡಗಳನ್ನು ಸಕ್ರಿಯ ಸ್ತರಭಂಗದ ಗೆರೆಯ ಮೇಲೆ ಕಟ್ಟುವುದನ್ನು ಅದು ನಿಷೇಧಿಸಿತು. ಗೆರೆಯ ಮೇಲೆ ಈಗಾಗಲೇ ಇರುವ ಕಟ್ಟಡಗಳ ಮಾರ್ಪಾಟಿನ ವೆಚ್ಚ ಆ ಕಟ್ಟಡದ ಮೌಲ್ಯದ ಅರ್ಧವನ್ನು ಮೀರಬಾರದೆಂದೂ ವಿಧಿಸಿತು. ಈ ಶಾಸನ 1921ರಲ್ಲಿ ಇದ್ದಿದ್ದರೆ ಕಣಿವೆಯ ಬಾಯಲ್ಲಿ ಕ್ರೀಡಾಂಗಣ ಏಳುತ್ತಲೇ ಇರಲಿಲ್ಲ.

ಆದರೆ ಅದು ಎದ್ದಿತ್ತು. ಅಷ್ಟೇ ಅಲ್ಲ, ಜನರ ಜೀವನದಲ್ಲಿ ಬೇರು ಬಿಟ್ಟಿತ್ತು. 1962ರ ಮಾರ್ಚ್ 23ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅಲ್ಲಿ ಭಾಷಣ ಮಾಡಿದಾಗ ಸುಮಾರು 88 ಸಾವಿರ ಜನ ಕಿಕ್ಕಿರಿದಿದ್ದರು. ಎಷ್ಟೋ ಕುಟುಂಬಗಳಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಅದೇ ಮೆಟ್ಟಿಲುಸಾಲಿನಲ್ಲಿ ಕುಳಿತು ಆಟ ನೋಡಿದ್ದರು. ಅದು ಯುದ್ಧದಲ್ಲಿ ಮಡಿದವರ ಸ್ಮಾರಕವೂ ಆಗಿತ್ತು. 2006ರಲ್ಲಿ ರಾಷ್ಟ್ರದ ಚಾರಿತ್ರಿಕ ಸ್ಥಳಗಳ ಪಟ್ಟಿಗೂ ಸೇರಿತು. 1997ರಲ್ಲಿ ವಿಶ್ವವಿದ್ಯಾನಿಲಯ ತನ್ನ ಕಟ್ಟಡಗಳನ್ನೆಲ್ಲ ಭೂಕಂಪದ ದೃಷ್ಟಿಯಿಂದ ಪರೀಕ್ಷಿಸಿದಾಗ ಕ್ರೀಡಾಂಗಣ ಅಪಾಯಕರ ಸ್ಥಿತಿಯಲ್ಲಿದೆಯೆಂದು ತಿಳಿಯಿತು. ಎಂಬತ್ತು ವರ್ಷಗಳ ಹಿಂದಿನ ಪ್ರಶ್ನೆ ಮತ್ತೆ ತಲೆಯೆತ್ತಿತು: ಕ್ರೀಡಾಂಗಣ ಎಲ್ಲಿರಬೇಕು?

ಈ ಪ್ರಶ್ನೆಗೆ ಮೂರು ಉತ್ತರಗಳು ಸಾಧ್ಯವಿದ್ದವು. ಆವರಣವನ್ನು ಬಿಟ್ಟು ಬೇರೆ ಊರಿನ ಕ್ರೀಡಾಂಗಣದಲ್ಲಿ ಆಡುವುದು ಒಂದು. ಸುರಕ್ಷಿತವಾದ ಹೊಸ ನೆಲವನ್ನು ಹುಡುಕಿ ಕಟ್ಟುವುದು ಇನ್ನೊಂದು. ಇದ್ದುದನ್ನೇ ಬಲಪಡಿಸುವುದು ಮೂರನೆಯದು. ಆ ಹೊತ್ತಿಗೆ ಬರ್ಕ್ಲಿಯ ಆವರಣ ಕಟ್ಟಡಗಳಿಂದ ತುಂಬಿಹೋಗಿತ್ತು. 1923ರಲ್ಲಿ ದುಬಾರಿಯೆನಿಸಿದ್ದ ನೆಲ ಈಗ ಊಹೆಗೂ ಎಟಕದಂತಾಗಿತ್ತು. ವಿಶ್ವವಿದ್ಯಾನಿಲಯ ಮೂರನೆಯ ದಾರಿಯನ್ನು ಹಿಡಿಯಿತು. ಅದರ ಮೊದಲ ಹೆಜ್ಜೆಯಾಗಿ, ಕ್ರೀಡಾಂಗಣದ ಅಡಿಯ ಕೊಠಡಿಗಳಲ್ಲಿ ದಿನವೂ ಕೆಲಸ ಮಾಡುತ್ತಿದ್ದ ಆಟಗಾರರನ್ನೂ ಸಿಬ್ಬಂದಿಯನ್ನೂ ಹೊರತರಲು ಪಕ್ಕದಲ್ಲಿ ತರಬೇತಿ ಕೇಂದ್ರವೊಂದನ್ನು ಕಟ್ಟಲು ನಿರ್ಧರಿಸಿತು.

ಆದರೆ ಆ ಕೇಂದ್ರಕ್ಕೆ ಆರಿಸಿದ ನೆಲದಲ್ಲಿ ಓಕ್ ಮರಗಳ ತೋಪೊಂದಿತ್ತು. ಮರಗಳನ್ನು ಉಳಿಸಬೇಕೆಂದು 2006ರ ಡಿಸೆಂಬರಿನಲ್ಲಿ ಕೆಲವರು ಮರಗಳನ್ನೇರಿ ಕುಳಿತರು. ಕೊಂಬೆಗಳ ನಡುವೆ ಹಲಗೆ ಕಟ್ಟಿಕೊಂಡು, ಮಳೆ ಚಳಿಗಳನ್ನು ಸಹಿಸಿ, ಒಬ್ಬರ ಅನಂತರ ಒಬ್ಬರಂತೆ ಇಪ್ಪತ್ತೊಂದು ತಿಂಗಳು ಅವರು ಅಲ್ಲಿ ವಾಸಿಸಿದರು. ಬರ್ಕ್ಲಿ ನಗರಸಭೆ, ಬೆಟ್ಟದ ನಿವಾಸಿಗಳ ಸಂಘ, ವೃಕ್ಷಪ್ರೇಮಿಗಳ ಸಂಸ್ಥೆ ಇವು ನ್ಯಾಯಾಲಯಕ್ಕೆ ಹೋದವು. ಅವರ ವಾದದಲ್ಲಿ ಮರಗಳ ವಿಷಯ ಮಾತ್ರವಲ್ಲದೆ ಸ್ತರಭಂಗದ ಶಾಸನವೂ ಸೇರಿತ್ತು. ಹೊಸ ಕಟ್ಟಡದ ನೆಲದಲ್ಲಿ ಸಕ್ರಿಯ ಬಿರುಕಿಲ್ಲವೆಂದು ಭೂಪರೀಕ್ಷೆಗಳು ತಿಳಿಸಿದವು. ನ್ಯಾಯಾಲಯದ ತೀರ್ಪು ಬಹುಮಟ್ಟಿಗೆ ವಿಶ್ವವಿದ್ಯಾನಿಲಯದ ಪರವಾಗಿ ಬಂದಿತು. 2008ರ ಸೆಪ್ಟೆಂಬರಿನಲ್ಲಿ ಮರಗಳು ಉರುಳಿದವು. ಕೊನೆಯದಾಗಿ ಉಳಿದಿದ್ದ ಪ್ರತಿಭಟನಕಾರರು ಕೆಳಗಿಳಿದರು. ಪ್ರಾಣರಕ್ಷಣೆಗಾಗಿ ಕಟ್ಟುವುದೂ ಒಳ್ಳೆಯದೆ, ಮರಗಳನ್ನು ಉಳಿಸುವುದೂ ಒಳ್ಳೆಯದೆ. ಆದರೆ ಎರಡು ಒಳ್ಳೆಯವುಗಳಿಗೆ ಒಂದೇ ನೆಲವಿದ್ದಾಗ ಒಂದು ನಷ್ಟವಾಗಲೇಬೇಕಾಗುತ್ತದೆ.

2010ರ ಪಂದ್ಯಗಳು ಮುಗಿದ ಮೇಲೆ ಕ್ರೀಡಾಂಗಣದ ಜೀರ್ಣೋದ್ಧಾರ ಭರದಿಂದ ನಡೆಯಿತು. 2011ರಲ್ಲಿ ತಂಡ ತನ್ನ ಪಂದ್ಯಗಳನ್ನು ಕೊಲ್ಲಿಯಾಚೆಯ ಸಾನ್ ಫ್ರಾನ್ಸಿಸ್ಕೊದಲ್ಲಿ ಆಡಿತು. ಚಾರಿತ್ರಿಕವಾದ ಹೊರಗೋಡೆಯನ್ನು ಹಾಗೆಯೇ ನಿಲ್ಲಿಸಿಕೊಂಡು, ಪಶ್ಚಿಮ ಭಾಗದ ಹಳೆಯ ಮೆಟ್ಟಿಲುಸಾಲುಗಳನ್ನು ಕೆಡವಿ, ಹೊಸದಾಗಿ ಕಟ್ಟಿದರು. ಮುಖ್ಯ ಸಮಸ್ಯೆ ಇದ್ದುದು ಬಿರುಕು ಬಟ್ಟಲನ್ನು ಹಾಯುವ ಎರಡು ತುದಿಗಳಲ್ಲಿ. ಅಂಕಣದ ಅಡಿಯಲ್ಲಿ ಬಿರುಕು ಇದ್ದರೆ ಅಷ್ಟಾಗಿ ಬಾಧೆಯಿಲ್ಲ. ಬಯಲು ಸೀಳಿದರೆ ಯಾರ ತಲೆಯ ಮೇಲೂ ಏನೂ ಬೀಳುವುದಿಲ್ಲ. ಸಾವಿರಾರು ಜನ ಕುಳಿತ ಕಾಂಕ್ರೀಟ್ ಸೀಳಿದರೆ ಆಗುವುದು ಘೋರ ದುರಂತ.

ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯ ಸರಳವೂ ಜಾಣತನದ್ದೂ ಆಗಿದೆ. ಜಾರುವ ನೆಲವನ್ನು ಹಿಡಿದು ನಿಲ್ಲಿಸುವ ಬಲ ಯಾವ ಕಾಂಕ್ರೀಟಿಗೂ ಇಲ್ಲ. ಆದುದರಿಂದ ನೆಲದೊಡನೆ ಸೆಣಸದೆ ಅದು ಜಾರಲು ಎಡೆಮಾಡಿಕೊಡಬೇಕು. ಎರಡು ತುದಿಗಳಲ್ಲಿಯೂ ಬಿರುಕಿನ ಮೇಲಿನ ಭಾಗವನ್ನು ಅಕ್ಕಪಕ್ಕದ ಕಟ್ಟಡದಿಂದ ಪೂರ್ತಿಯಾಗಿ ಬೇರ್ಪಡಿಸಿ, ಸ್ವತಂತ್ರವಾದ ಗಟ್ಟಿ ಖಂಡಗಳನ್ನಾಗಿ ಕಟ್ಟಿದರು. ಅವುಗಳ ಅಡಿಯಲ್ಲಿ ಮರಳು ಮತ್ತು ಪ್ಲಾಸ್ಟಿಕ್ ಹಾಳೆಗಳನ್ನು ಹಾಸಿದರು. ನೀರಿನ ಮೇಲಿನ ತೆಪ್ಪದಂತೆ ಆ ಖಂಡ ನೆಲದ ಮೇಲೆ ಇದೆ, ನೆಲಕ್ಕೆ ಬೆಸೆದುಕೊಂಡಿಲ್ಲ. ಬಿರುಕು ಜಾರಿ, ನೆಲ ಅಡ್ಡಕ್ಕೆ ಆರು ಅಡಿ, ಮೇಲಕ್ಕೆ ಎರಡು ಅಡಿಯಷ್ಟು ಸರಿದರೂ ಖಂಡ ತಿರುಗಬಹುದು, ಓರೆಯಾಗಬಹುದು. ಆದರೆ ಒಡೆದು ಬೀಳದು. ಹೀಗೆ ನವೀಕೃತವಾದ ಕ್ರೀಡಾಂಗಣ 2012ನೆಯ ಸೆಪ್ಟೆಂಬರ್ 1ರಂದು ಮತ್ತೆ ಬಾಗಿಲು ತೆರೆಯಿತು. ಆಸನಗಳ ಸಂಖ್ಯೆ ಸುಮಾರು 63 ಸಾವಿರಕ್ಕೆ ಇಳಿದಿತ್ತು.

ಇದರ ವೆಚ್ಚ ಸುಮಾರು 32 ಕೋಟಿ ಡಾಲರು. ಮೊದಲು ಕಟ್ಟಿದಾಗ ತಗುಲಿದ್ದು 14 ಲಕ್ಷ. ಈ ನಡುವೆ ಹಣದ ಬೆಲೆ ಬಹಳ ಇಳಿದಿದೆ ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಈ ಅಂತರ ದೊಡ್ಡದು. ಆಸನಗಳ ಹಕ್ಕನ್ನು ದೀರ್ಘಕಾಲಕ್ಕೆ ಮಾರಿ ಈ ಹಣವನ್ನು ತುಂಬಿಕೊಳ್ಳಬಹುದೆಂದು ವಿಶ್ವವಿದ್ಯಾನಿಲಯ ಎಣಿಸಿತ್ತು. ಆದರೆ ನಿರೀಕ್ಷಿಸಿದಷ್ಟು ಜನ ಮುಂದೆ ಬರಲಿಲ್ಲ. ಸಾಲದ ಹೊರೆ ಹಲವು ದಶಕಗಳವರೆಗೆ ಉಳಿಯುವಂತಾಯಿತು. 1923ರಲ್ಲಿ ನೆಲದ ಬೆಲೆಯಲ್ಲಿ ಉಳಿಸಿದ ಹಣವನ್ನು ಮೊಮ್ಮಕ್ಕಳು ಬಡ್ಡಿಯೊಡನೆ ತೆರುತ್ತಿದ್ದಾರೆಂದರೆ ತಪ್ಪಾಗದು.

ಹಾಗೆಂದು ಅಂದಿನವರ ಆಯ್ಕೆ ಕೇವಲ ನಷ್ಟವನ್ನೇ ತಂದಿತೆನ್ನಲಾಗದು. ತೊಂಬತ್ತು ವರ್ಷಗಳ ಕಾಲ ಕಣಿವೆಯ ಆ ಬಟ್ಟಲು ಲಕ್ಷಾಂತರ ಜನರಿಗೆ ಸಂತೋಷ ನೀಡಿತು. ಅಲ್ಲಿ ಕುಳಿತವರು ಒಂದು ಕಡೆ ಬೆಟ್ಟವನ್ನೂ ಇನ್ನೊಂದು ಕಡೆ ಕೊಲ್ಲಿಯನ್ನೂ ಕಂಡು ಮೈಮರೆತರು. ನೆರೆಯವರು ಮುಂದಿಟ್ಟ ಆಕ್ಷೇಪಗಳೂ ಸುಳ್ಳಾಗಲಿಲ್ಲ. ಬೆಟ್ಟದ ಕಿರುಬೀದಿಗಳು ಆಟದ ದಿನ ಇಂದಿಗೂ ಕಿಕ್ಕಿರಿಯುತ್ತವೆ. ಒಂದೇ ನೆಲದಲ್ಲಿ ಎಲ್ಲ ಗುಣಗಳೂ ದೊರೆಯುವುದು ಅಪರೂಪ. ಅಗ್ಗವಾದುದು ಗಟ್ಟಿಯಾಗಿರದು, ಗಟ್ಟಿಯಾದುದು ಹತ್ತಿರದಲ್ಲಿರದು, ಹತ್ತಿರದಲ್ಲಿರುವುದು ಯಾರದೋ ಮನೆಯಾಗಿರುತ್ತದೆ. ಆರಿಸುವವರು ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂಬುದನ್ನು ಮೊದಲೇ ನಿರ್ಧರಿಸಬೇಕು. ಬೆಲೆ, ದೂರ, ಚೆಲುವು ಇವುಗಳಲ್ಲಿ ಹೆಚ್ಚುಕಡಮೆಯಾದರೆ ಮುಂದೆ ಸರಿಪಡಿಸಿಕೊಳ್ಳಬಹುದು. ನೆಲದ ಆಳದಲ್ಲಿರುವ ದೋಷವನ್ನು ಯಾರೂ ಸರಿಪಡಿಸಲಾರರು. ಅದಕ್ಕೆ ತಲೆಬಾಗಿ ನಡೆದುಕೊಳ್ಳಬಹುದು, ಅಷ್ಟೆ.

ಬರ್ಕ್ಲಿಯ ಕ್ರೀಡಾಂಗಣದಲ್ಲಿ ಇಂದಿಗೂ ಆಟ ನಡೆಯುತ್ತದೆ. ವಾದ್ಯಗಳು ಮೊಳಗುತ್ತವೆ, ಜನ ಕೂಗಿ ಹುರಿದುಂಬಿಸುತ್ತಾರೆ. ಅವರ ಕಾಲಡಿಯಲ್ಲಿ ಭೂಮಿ ವರ್ಷಕ್ಕೆ ನಾಲ್ಕೈದು ಮಿಲಿಮೀಟರುಗಳಂತೆ ಸದ್ದಿಲ್ಲದೆ ಸರಿಯುತ್ತಿರುತ್ತದೆ. ಹೊಸದಾಗಿ ಕಟ್ಟಿದ ಆ ಎರಡು ಖಂಡಗಳು ತಮ್ಮ ಪರೀಕ್ಷೆಯ ದಿನವನ್ನು ಕಾಯುತ್ತಿವೆ. ಆ ದಿನ ಬಂದಾಗ ಆಸನಗಳು ಬರಿದಾಗಿರಲಿ ಎಂಬುದು ಎಲ್ಲರ ಹಾರೈಕೆ. ತುಂಬಿದ್ದರೂ ಕುಳಿತವರೆಲ್ಲ ಎದ್ದು ಕ್ಷೇಮವಾಗಿ ಮನೆಗೆ ಹೋಗುವಂತಾಗಬೇಕೆಂಬುದು ಎಂಜಿನಿಯರುಗಳ ಪ್ರಯತ್ನ.